ಕೆ. ಎಸ್. ನಾಗರತ್ನಮ್ಮ: ಗುಂಡ್ಲುಪೇಟೆಯ ಶಾಸಕಿ, ವಿಧಾನಸಭಾಧ್ಯಕ್ಷೆ

ಕರ್ನಾಟಕ ವಿಧಾನಸಭೆಯ ಅಧ್ಯಕ್ಷಪೀಠವನ್ನು ಅಲಂಕರಿಸಿದ ಪ್ರಥಮ ಮಹಿಳೆ. ಆ ಸಭೆಯಲ್ಲಿ ವಿರೋಧಪಕ್ಷದ ನಾಯಕತ್ವವನ್ನು ವಹಿಸಿದ ಪ್ರಥಮ ಮಹಿಳೆ. ಗುಂಡ್ಲುಪೇಟೆ ಕ್ಷೇತ್ರದಿಂದ ಏಳು ಬಾರಿ ಚುನಾಯಿತರಾದ ಜನಪ್ರತಿನಿಧಿ. 1957ರಲ್ಲಿ ಅಂದಿನ ಮೈಸೂರು ರಾಜ್ಯದ ವಿಧಾನಸಭೆಯನ್ನು ಪ್ರವೇಶಿಸಿದ ನಾಗರತ್ನಮ್ಮನವರು 1993ರಲ್ಲಿ ನಿಧನ ಹೊಂದುವವರೆಗೆ, ನಡುವೆ ಒಂದು ಅವಧಿಯನ್ನುಳಿದು, ಮೂವತ್ತು ವರ್ಷಗಳಷ್ಟು ದೀರ್ಘಕಾಲ ಒಂದೇ ಕ್ಷೇತ್ರದ ಪ್ರತಿನಿಧಿಯಾಗಿ ಶಾಸನಸಭೆಯಲ್ಲಿ ಕುಳಿತರು. ಪಕ್ಷಗಳು ಒಡೆದು ಕೂಡಿದ, ರಾಜ್ಯದ ಹೆಸರು ಬದಲಾದ, ಭೂಮಿಯ ಒಡೆತನದ ಕಾನೂನೇ ಬುಡಮೇಲಾದ ಆ ಕಾಲಖಂಡದಲ್ಲಿ ಒಂದು ಗಡಿನಾಡಿನ ತಾಲ್ಲೂಕು ಒಬ್ಬ ಮಹಿಳೆಯ ಮೇಲೆ ಇರಿಸಿದ ವಿಶ್ವಾಸವು ಈ ರಾಜ್ಯದ ಸಂಸದೀಯ ಚರಿತ್ರೆಯಲ್ಲಿ ವಿಶೇಷ ಗಮನಕ್ಕೆ ಪಾತ್ರವಾದುದಾಗಿದೆ.

ಕ್ಷೇತ್ರ ಮತ್ತು ಪರಿಸರ

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ನಂಜನಗೂಡನ್ನು ಹಾದುಹೋಗುವ ಹೆದ್ದಾರಿಯು ಗುಂಡ್ಲುಪೇಟೆಯಲ್ಲಿ ಕವಲೊಡೆದು, ಒಂದು ಬಂಡೀಪುರದ ಅರಣ್ಯವನ್ನು ಸೀಳಿಕೊಂಡು ಉದಕಮಂಡಲದತ್ತಲೂ, ಇನ್ನೊಂದು ವಯನಾಡಿನ ಸುಲ್ತಾನ್ ಬತ್ತೇರಿಯತ್ತಲೂ ಸಾಗುತ್ತದೆ. ತಮಿಳುನಾಡು ಮತ್ತು ಕೇರಳಗಳೆರಡಕ್ಕೂ ತಾಗಿದ ಈ ತಾಲ್ಲೂಕಿನಲ್ಲಿ ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ, ಪ್ರಾಚೀನ ಸ್ಥಳವಾದ ತೆರಕಣಾಂಬಿಯೂ, ಪಟ್ಟಣದಲ್ಲಿ ವಿಜಯನಾರಾಯಣ ಸ್ವಾಮಿಯ ದೇವಾಲಯವೂ ಇವೆ. ಬೆಟ್ಟದ ಮೇಲೆ ಮೋಡ ಕವಿದಿದ್ದರೂ ಕೆಳಗಿನ ಬಯಲಿನಲ್ಲಿ ಮಳೆ ಅಪೂರ್ವ. ಜೋಳ, ಹುರುಳಿ, ನೆಲಗಡಲೆ, ಅರಿಸಿನ, ಈರುಳ್ಳಿ, ಸೂರ್ಯಕಾಂತಿಗಳು ಇಲ್ಲಿನ ಬೇಸಾಯದ ಪ್ರಧಾನ ಬೆಳೆಗಳು. ಕೆರೆ ತುಂಬಿತೆ, ಬಾವಿಯಲ್ಲಿ ನೀರಿದೆಯೆ, ಕಾಡಾನೆ ಹೊಲಕ್ಕಿಳಿಯಿತೆ ಎಂಬ ಮೂರು ಪ್ರಶ್ನೆಗಳ ಸುತ್ತಲೇ ಇಲ್ಲಿನ ಒಕ್ಕಲಿನ ಬಾಳು ತಲೆಮಾರುಗಳಿಂದ ಸುತ್ತಿಕೊಂಡು ಬಂದಿದೆ.

ನಾಗರತ್ನಮ್ಮನವರ ಶಾಸಕಜೀವನದುದ್ದಕ್ಕೂ ಗುಂಡ್ಲುಪೇಟೆಯು ಮೈಸೂರು ಜಿಲ್ಲೆಗೆ ಸೇರಿದ್ದಿತು. ಚಾಮರಾಜನಗರ ಜಿಲ್ಲೆಯು ಉದಯಿಸಿದುದು ಅವರ ಮರಣಾನಂತರ, 1997ರಲ್ಲಿ. ನೆರೆಯ ಚಾಮರಾಜನಗರ ಪಟ್ಟಣವು ಪೂರ್ವದಲ್ಲಿ ಅರಿಕುಠಾರವೆಂದು ಪ್ರಸಿದ್ಧವಾಗಿದ್ದು, ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯವರಾದ ಚಾಮರಾಜ ಒಡೆಯರ ಸ್ಮರಣಾರ್ಥವಾಗಿ ಅದಕ್ಕೆ ಈಗಿನ ಹೆಸರನ್ನಿತ್ತು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅರಸುಮನೆತನದ ಆದರಕ್ಕೆ ಇಷ್ಟು ಪಾತ್ರವಾದ ಸೀಮೆಯೇ ಆದರೂ, ಪ್ರಜಾಪ್ರಭುತ್ವದ ಕಾಲದಲ್ಲಿ ಇದು ಜಿಲ್ಲಾಕೇಂದ್ರದಿಂದಲೂ ರಾಜಧಾನಿಯಿಂದಲೂ ದೂರವಾಗಿ, ಆಡಳಿತದ ದೃಷ್ಟಿಗೆ ತಡವಾಗಿ ಬೀಳುವ ಅಂಚಿನ ನಾಡಾಗಿಯೇ ಬಹುಕಾಲ ಉಳಿಯಿತು. ಇಂತಹ ಕ್ಷೇತ್ರಕ್ಕೆ ಶಾಸಕರೆಂದರೆ ಕಾನೂನು ಮಾಡುವವರಿಗಿಂತ ಮೊದಲು ಅರ್ಜಿ ಕೊಂಡೊಯ್ಯುವವರು. ಸರ್ಕಾರಕ್ಕೂ ಊರಿಗೂ ನಡುವೆ ಇರುವ ಒಬ್ಬರೇ ಪರಿಚಿತರು.

ಶಾಸನಸಭಾ ಪ್ರವೇಶ

1956ರ ನವೆಂಬರ್ 1ರಂದು ಕನ್ನಡನಾಡಿನ ಹರಿದುಹೋದ ಭಾಗಗಳು ಒಂದುಗೂಡಿ ವಿಶಾಲ ಮೈಸೂರು ರಾಜ್ಯವು ರೂಪುಗೊಂಡು, ನೂತನ ರಾಜ್ಯದ 208 ಸ್ಥಾನಗಳಿಗೆ 1957ರಲ್ಲಿ ಪ್ರಥಮ ಮಹಾಚುನಾವಣೆ ನಡೆದಾಗ, ಕಾಂಗ್ರೆಸ್ ಪಕ್ಷವು ಸ್ವಾತಂತ್ರ್ಯ ಸಂಗ್ರಾಮದ ಕೀರ್ತಿಯೊಡನೆ ಏಕೀಕರಣದ ಕೀರ್ತಿಯನ್ನೂ ಸೇರಿಸಿಕೊಂಡು ಬಹುತೇಕ ಎಲ್ಲೆಡೆಯೂ ಅಪ್ರತಿಹತವಾಗಿದ್ದಿತು. ಅಂತಹ ಚುನಾವಣೆಯಲ್ಲಿ ಯಾವ ಪಕ್ಷದ ಆಶ್ರಯವೂ ಇಲ್ಲದೆ ಪಕ್ಷೇತರ ಅಭ್ಯರ್ಥಿಯಾಗಿ ಒಬ್ಬ ಮಹಿಳೆ ಗ್ರಾಮಾಂತರ ಕ್ಷೇತ್ರವೊಂದರಲ್ಲಿ ನಿಂತುದೇ ಸಾಹಸ, ಗೆದ್ದುದಂತೂ ಅಸಾಧಾರಣ. ಅಂದು ಶಾಸನಸಭೆಯಲ್ಲಿ ಮಹಿಳೆಯರ ಸಂಖ್ಯೆ ಅತ್ಯಲ್ಪವಾಗಿದ್ದಿತು. ಇದ್ದವರಲ್ಲಿಯೂ ಅನೇಕರು ಪಕ್ಷದ ಬಲದಿಂದ ಬಂದವರು. ಗುಂಡ್ಲುಪೇಟೆಯ ಮತದಾರರಾದರೋ ಅಭ್ಯರ್ಥಿಯನ್ನು ನೋಡಿ ಮತವಿತ್ತರು. ಮುಂದೆ ಅವರು ಕಾಂಗ್ರೆಸ್ಸಿನಲ್ಲಿ ಪ್ರಮುಖ ಸ್ಥಾನವನ್ನು ಪಡೆದರೂ ಪಕ್ಷವೇ ಅವರ ರಾಜಕೀಯದ ಮೂಲಧನವಾಗಿರಲಿಲ್ಲ ಎಂಬುದನ್ನು ಈ ಮೊದಲ ವಿಜಯವೇ ತೋರಿಸುತ್ತದೆ. 1962, 1967 ಮತ್ತು 1972ರ ಚುನಾವಣೆಗಳಲ್ಲಿಯೂ ಜಯ ಅವರದಾಯಿತು.

ಶಾಸನಸಭೆಯ ಸಾಮಾನ್ಯ ಸದಸ್ಯರ ಕೈಯಲ್ಲಿರುವ ಉಪಕರಣಗಳು ಹೊರನೋಟಕ್ಕೆ ಅಲ್ಪ. ಹಳ್ಳಿಯೊಂದರ ಕೆರೆಯ ಏರಿ ಬಿರುಕುಬಿಟ್ಟಿದೆಯೆಂದು ರೈತರು ಅರ್ಜಿ ತಂದರೆನ್ನೋಣ. ಕಚೇರಿಗಳಲ್ಲಿ ಕೆಲಸವಾಗದಿದ್ದಾಗ ಸದಸ್ಯರು ಅದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಬರೆದು ಸಚಿವಾಲಯಕ್ಕೆ ಕಳುಹಿಸುತ್ತಾರೆ. ಸಚಿವಾಲಯವು ಅದನ್ನು ಇಲಾಖೆಗೆ ರವಾನಿಸುತ್ತದೆ. ಇಲಾಖೆಯು ಜಿಲ್ಲೆಯ ಎಂಜಿನಿಯರನ್ನು ಕೇಳುತ್ತದೆ. ಎಂಜಿನಿಯರು, ಅದುವರೆಗೆ ನೋಡದಿದ್ದ ಏರಿಯನ್ನು ನೋಡಿ ವರದಿ ಬರೆಯುತ್ತಾರೆ. ನಿಗದಿಯಾದ ದಿನ ಮಂತ್ರಿಗಳು ಎದ್ದುನಿಂತು ಉತ್ತರ ಕೊಡುವಾಗ, ಸದಸ್ಯರು ಉಪಪ್ರಶ್ನೆ ಕೇಳಿ ದುರಸ್ತಿಯ ಕಾಲಮಿತಿಯನ್ನು ಸದನದ ನಡವಳಿಯಲ್ಲಿಯೇ ದಾಖಲಿಸಿಬಿಡುತ್ತಾರೆ. ಒಂದು ಹಳ್ಳಿಯ ಏರಿಯು ಹೀಗೆ ರಾಜ್ಯದ ದಾಖಲೆಯಾಗುತ್ತದೆ. ಸತತವಾಗಿ ನಾಲ್ಕು ಸಲ ಆರಿಸಿಬಂದವರಿಗೆ ಈ ಕ್ರಮದ ಮೆಟ್ಟಿಲುಗಳೆಲ್ಲ ಕಂಠಪಾಠವಾಗಿರುತ್ತವೆ. ದೀರ್ಘಸೇವೆಯಿಂದ ಕ್ಷೇತ್ರಕ್ಕೆ ಒದಗುವ ಪ್ರಥಮ ಲಾಭವೇ ಇದು.

ಸಭಾಧ್ಯಕ್ಷತೆ

1972ರ ಚುನಾವಣೆಯಲ್ಲಿ 216 ಸ್ಥಾನಗಳ ಪೈಕಿ 165ನ್ನು ಕಾಂಗ್ರೆಸ್ಸು ಗೆದ್ದು ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾದಾಗ, ಅದೇ ಮಾರ್ಚ್ ತಿಂಗಳಿನಲ್ಲಿ ನಾಗರತ್ನಮ್ಮನವರು ಸಭಾಧ್ಯಕ್ಷರಾಗಿ ಆಯ್ಕೆಯಾದರು. ಭಾರತದಲ್ಲಿ ರಾಜ್ಯ ವಿಧಾನಸಭೆಯೊಂದರ ಅಧ್ಯಕ್ಷೆಯಾದ ಮೊದಲ ಮಹಿಳೆ ಹರಿಯಾಣದ ಶನ್ನೋದೇವಿಯವರು. ಅವರ ಅಧಿಕಾರಾವಧಿಯು 1966ರ ಕೊನೆಯಿಂದ ಕೆಲವೇ ತಿಂಗಳುಗಳ ಕಾಲ ನಡೆದಿದ್ದಿತು. ನಾಗರತ್ನಮ್ಮನವರಾದರೋ ಸುಮಾರು ಆರು ವರ್ಷಗಳ ಕಾಲ, ರಾಜ್ಯದ ಇತಿಹಾಸದಲ್ಲಿಯೇ ಅತ್ಯಂತ ಸಂಕ್ಷುಬ್ಧವಾದ ಒಂದು ಶಾಸನಸಭೆಯನ್ನು ನಡೆಸಿದರು.

ಆ ಸಭೆಯ ಮುಂದೆ ಬಂದ ಕಾರ್ಯಗಳ ಗುರುತ್ವವನ್ನು ನೆನೆದರೆ ಪೀಠದ ಹೊಣೆಯೂ ಅರಿವಾಗುತ್ತದೆ. ರಾಜ್ಯಕ್ಕೆ ಕರ್ನಾಟಕವೆಂಬ ನಾಮವು 1973ರ ನವೆಂಬರ್ 1ರಿಂದ ಸಂದುದು ಈ ಅವಧಿಯಲ್ಲಿ. ಆದಕಾರಣ ಮೈಸೂರು ವಿಧಾನಸಭೆಯ ಅಧ್ಯಕ್ಷರಾಗಿ ಪೀಠವನ್ನೇರಿದ ಅವರು ಕರ್ನಾಟಕ ವಿಧಾನಸಭೆಯ ಅಧ್ಯಕ್ಷರಾಗಿ ಅದರಿಂದಿಳಿದರು. ಗೇಣಿದಾರನ ಸಾಗುವಳಿಯಲ್ಲಿದ್ದ ಜಮೀನನ್ನು ಸರ್ಕಾರದಲ್ಲಿ ನಿಹಿತಗೊಳಿಸಿ ಉಳುವವನಿಗೇ ಅದರ ಒಡೆತನವನ್ನು ಕೊಡಿಸುವ ಭೂಸುಧಾರಣಾ ತಿದ್ದುಪಡಿ ಶಾಸನವು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ತಾಲ್ಲೂಕು ತಾಲ್ಲೂಕಿನಲ್ಲಿಯೂ ಭೂನ್ಯಾಯಮಂಡಲಿಗಳು ಕುಳಿತು, ವಕೀಲರ ವಾದಕ್ಕೆ ಎಡೆಗೊಡದೆ, ಒಕ್ಕಲು ಮಕ್ಕಳ ಮಾತನ್ನೇ ಕೇಳಿ ತೀರ್ಮಾನ ಕೊಡತೊಡಗಿದವು. ಹಿಂದುಳಿದ ವರ್ಗಗಳ ಸ್ಥಿತಿಗತಿಗಳ ಅಧ್ಯಯನಕ್ಕಾಗಿ 1972ರಲ್ಲಿ ನೇಮಕವಾದ ಎಲ್. ಜಿ. ಹಾವನೂರ ಆಯೋಗವು 1975ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಋಣಪರಿಹಾರದ ಶಾಸನವೂ ಇದೇ ಕಾಲದ್ದು. ಜಮೀನುದಾರರು, ಅವರ ಬಂಧುಗಳು, ಗೇಣಿದಾರರ ಮಕ್ಕಳು ಎಲ್ಲರೂ ಸದಸ್ಯರಾಗಿ ಕುಳಿತಿದ್ದ ಸದನದಲ್ಲಿ ಇಂತಹ ವಿಧೇಯಕಗಳು ಖಂಡಶಃ ಪರಿಶೀಲನೆಗೆ ಬಂದಾಗ, ಮಾತು ಎಲ್ಲಿ ವಾದವಾಗಿ ಎಲ್ಲಿ ಜಗಳವಾಗುವುದೆಂಬ ಎಲ್ಲೆಯನ್ನು ಕಾಯುವವರು ಅಧ್ಯಕ್ಷರೊಬ್ಬರೇ.

ಆ ಕಾಯುವಿಕೆಯ ರೀತಿಯನ್ನು ಸಮೀಪದಿಂದ ನೋಡುವುದು ಉಚಿತ. ಚರ್ಚೆಯು ಮುಗಿದ ಮೇಲೆ ಅಧ್ಯಕ್ಷರು ಪ್ರಸ್ತಾವವನ್ನು ಓದಿ, ಅದರ ಪರವಾಗಿರುವವರು ‘ಹೌದು’ ಎನ್ನಬೇಕೆಂದೂ ವಿರುದ್ಧವಾಗಿರುವವರು ‘ಇಲ್ಲ’ ಎನ್ನಬೇಕೆಂದೂ ಕೇಳುತ್ತಾರೆ. ಎರಡು ಕಡೆಯ ಧ್ವನಿಯನ್ನು ಕಿವಿಯಿಂದಲೇ ತೂಗಿ, ಯಾವುದು ಹೆಚ್ಚೆಂಬುದನ್ನು ಸಾರುತ್ತಾರೆ; ಯಾರಾದರೂ ಒಪ್ಪದಿದ್ದರೆ ಸದಸ್ಯರನ್ನು ವಿಭಾಗಿಸಿ ಎಣಿಸಬೇಕಾಗುತ್ತದೆ. ಸಂವಿಧಾನದ 189ನೆಯ ಅನುಚ್ಛೇದದಂತೆ ಅಧ್ಯಕ್ಷರಿಗೆ ಮೊದಲಲ್ಲಿ ಮತವಿಲ್ಲ. ಮತಗಳು ಸರಿಸಮವಾದಾಗ ಮಾತ್ರ ಅವರು ನಿರ್ಣಾಯಕ ಮತವನ್ನು ಚಲಾಯಿಸಬೇಕು. ಒಂದು ವಿಧೇಯಕವು ಧನ ವಿಧೇಯಕವೆ ಅಲ್ಲವೆ ಎಂಬ ವಿಷಯದಲ್ಲಿ 199ನೆಯ ಅನುಚ್ಛೇದದಂತೆ ಅವರ ನಿರ್ಣಯವೇ ಅಂತಿಮ. ಹೀಗೆ ಮಿತವಾದರೂ ಮಹತ್ತರವಾದ ಅಧಿಕಾರವನ್ನು ಹೊತ್ತವರು ಚರ್ಚೆಯಲ್ಲಿ ಭಾಗವಹಿಸುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ, ತಮ್ಮ ತಾಲ್ಲೂಕಿನ ಕೆರೆಯ ಏರಿಯ ಬಗೆಗೆ ಮಂತ್ರಿಗಳನ್ನು ಸದನದಲ್ಲಿ ನಿಲ್ಲಿಸಿ ಕೇಳುವಂತಿಲ್ಲ. ಎಲ್ಲ ಕ್ಷೇತ್ರಗಳ ಮಾತಿಗೂ ಅವಕಾಶ ಮಾಡಿಕೊಡುವವರ ಕ್ಷೇತ್ರವೊಂದು ಸದನದಲ್ಲಿ ಮೌನವಾಗಿರಬೇಕಾಗುತ್ತದೆ. ಗುಂಡ್ಲುಪೇಟೆಯಂತಹ ಬಡ ತಾಲ್ಲೂಕು ತನ್ನ ಪ್ರತಿನಿಧಿಯ ಗೌರವಕ್ಕಾಗಿ ಆರು ವರ್ಷಗಳ ಕಾಲ ಈ ಬೆಲೆಯನ್ನು ತೆತ್ತಿತೆಂಬುದನ್ನು ಮರೆಯಲಾಗದು.

ಅಂದಿನ ಸದನದಲ್ಲಿ ವಿರೋಧಪಕ್ಷದ ನಾಯಕರಾಗಿದ್ದವರು, ಮುಂದೆ ಪ್ರಧಾನಮಂತ್ರಿಗಳಾದ ಎಚ್. ಡಿ. ದೇವೇಗೌಡರು. ಆಳುವ ಪಕ್ಷದ ಸಂಖ್ಯಾಬಲವು ಅಷ್ಟು ಅಗಾಧವಾಗಿದ್ದಾಗ, ಅಲ್ಪಸಂಖ್ಯಾತರಾದ ವಿರೋಧಿ ಸದಸ್ಯರಿಗೆ ಮಾತಿನ ಕಾಲವನ್ನು ಕೊಡಿಸುವುದೇ ಅಧ್ಯಕ್ಷರ ನಿಷ್ಪಕ್ಷಪಾತದ ಒರೆಗಲ್ಲು. 1975ರ ಜೂನ್ ತಿಂಗಳಿನಲ್ಲಿ ತುರ್ತು ಪರಿಸ್ಥಿತಿಯು ಘೋಷಿತವಾಗಿ, ದೇವೇಗೌಡರೂ ಸೇರಿದಂತೆ ವಿರೋಧಪಕ್ಷಗಳ ಅನೇಕ ಮುಖಂಡರು ಬೆಂಗಳೂರಿನ ಸೆರೆಮನೆಯನ್ನು ಸೇರಿದರು. ವಿರೋಧಪಕ್ಷದ ನಾಯಕರೇ ಬಂಧನದಲ್ಲಿರುವ ಸಭೆಯನ್ನು ನಡೆಸಬೇಕಾದ ವಿಷಮಸ್ಥಿತಿಯು ಈ ಪೀಠಕ್ಕೆ ಬೇರೆಂದೂ ಒದಗಿದ್ದಿಲ್ಲ.

1977ರ ಡಿಸೆಂಬರ್ 31ರಂದು ಅರಸರ ಸರ್ಕಾರವು ವಜಾ ಆಗಿ, ವಿಧಾನಸಭೆಯೂ ವಿಸರ್ಜಿತವಾಗಿ, ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದಿತು. ಮುಖ್ಯಮಂತ್ರಿಯಿಲ್ಲ, ಮಂತ್ರಿಗಳಿಲ್ಲ, ಶಾಸಕರೆನ್ನಿಸಿಕೊಂಡವರಿಲ್ಲ. ಆದರೂ ಸಂವಿಧಾನದ 179ನೆಯ ಅನುಚ್ಛೇದವು, ಸಭೆ ವಿಸರ್ಜಿತವಾದರೂ ಮುಂದಿನ ಸಭೆಯ ಪ್ರಥಮ ಉಪವೇಶನದ ತನಕ ಅಧ್ಯಕ್ಷರು ತಮ್ಮ ಪದವಿಯಲ್ಲಿ ಮುಂದುವರಿಯತಕ್ಕದ್ದೆಂದು ವಿಧಿಸಿರುವುದರಿಂದ, ಆ ಎರಡು ತಿಂಗಳುಗಳ ಕಾಲ ರಾಜ್ಯದ ಕೆಳಮನೆಯ ಅಸ್ತಿತ್ವವು ನಾಗರತ್ನಮ್ಮನವರೊಬ್ಬರಲ್ಲಿಯೇ ನೆಲೆಗೊಂಡಿದ್ದಿತು. 1978ರ ಮಾರ್ಚ್ ತಿಂಗಳಿನಲ್ಲಿ ನೂತನ ಸಭೆ ಸೇರುವಾಗ ಅವರ ಅಧಿಕಾರಾವಧಿಯು ಮುಕ್ತಾಯವಾಯಿತು.

ಪರಾಜಯ ಮತ್ತು ಪುನರಾಗಮನ

1978ರಲ್ಲಿ ರಚಿತವಾದ ಆರನೆಯ ವಿಧಾನಸಭೆಯಲ್ಲಿ ನಾಗರತ್ನಮ್ಮನವರಿಗೆ ಸ್ಥಾನವಿರಲಿಲ್ಲ. ಪೀಠದಿಂದಿಳಿದವರು ರಾಜಕೀಯದಿಂದಲೇ ನಿವೃತ್ತರಾಗುವುದು ಅಥವಾ ಮೇಲ್ಮನೆ, ರಾಜ್ಯಪಾಲ ಪದವಿಗಳ ಕಡೆಗೆ ಮುಖಮಾಡುವುದು ಲೋಕರೂಢಿ. ಅವರು ಅದೇ ಗುಂಡ್ಲುಪೇಟೆಯ ಮತದಾರರ ಮುಂದೆಯೇ ಮತ್ತೆ ನಿಂತರು. 1983ರಲ್ಲಿ, ಎಂದರೆ ಕಾಂಗ್ರೆಸ್ಸೇತರ ಸರ್ಕಾರವು ರಾಜ್ಯದಲ್ಲಿ ಪ್ರಥಮ ಬಾರಿಗೆ ಅಧಿಕಾರಕ್ಕೆ ಬಂದ ಚುನಾವಣೆಯಲ್ಲಿ, ಗೆದ್ದು ಬಂದರು. 1985ರಲ್ಲಿ ರಾಮಕೃಷ್ಣ ಹೆಗಡೆಯವರ ನಾಯಕತ್ವದಲ್ಲಿ ಜನತಾ ಪಕ್ಷವು 139 ಸ್ಥಾನಗಳನ್ನು ಗಳಿಸಿ, ಕಾಂಗ್ರೆಸ್ಸು 65ಕ್ಕೆ ಇಳಿದಾಗಲೂ ಗುಂಡ್ಲುಪೇಟೆಯು ಅವರನ್ನೇ ಕಳುಹಿಸಿತು. ಪಕ್ಷದ ಅಲೆಗೆ ಎದುರಾಗಿ ಗೆಲ್ಲುವ ಈ ಶಕ್ತಿಯು 1957ರ ಪಕ್ಷೇತರ ವಿಜಯದ ಸಹಜ ಮುಂದುವರಿಕೆಯೆನ್ನಬೇಕು.

ಆ ಎಂಟನೆಯ ವಿಧಾನಸಭೆಯಲ್ಲಿ ಅವರು ವಿರೋಧಪಕ್ಷದ ನಾಯಕಿಯಾದರು. ಹಿಂದೆ ಎರಡು ಬಣಗಳ ಮಾತನ್ನೂ ಸಮವಾಗಿ ಆಲಿಸಿ ತೀರ್ಪು ಕೊಡುತ್ತಿದ್ದವರು ಈಗ ಒಂದು ಬಣದ ಮುಂಚೂಣಿಯಲ್ಲಿ ನಿಂತು, ತಮ್ಮ ಮಾತಿಗೆ ಕಾಲ ಕೊಡಬೇಕೆಂದು ಪೀಠವನ್ನು ಪ್ರಾರ್ಥಿಸುವವರಾದರು. ನಿಯಮಾವಳಿಯ ಪ್ರತಿಯೊಂದು ಎಳೆಯನ್ನೂ ಪೀಠದ ಕಡೆಯಿಂದ ಬಲ್ಲವರು ವಿರೋಧಪಕ್ಷದ ಮುಂದಿನ ಸಾಲಿನಲ್ಲಿ ಕುಳಿತರೆ ಸರ್ಕಾರವು ಎಚ್ಚರದಿಂದಿರಬೇಕಾಗುತ್ತದೆ. ಪ್ರಜಾಪ್ರಭುತ್ವಕ್ಕೆ ಇದರಿಂದ ಒಳಿತೇ ಆಗುತ್ತದೆ. ಪಕ್ಷೇತರ ಸದಸ್ಯೆ, ಆಳುವ ಪಕ್ಷದ ಆಯ್ಕೆಯಿಂದ ಸಭಾಧ್ಯಕ್ಷೆ, ವಿರೋಧಪಕ್ಷದ ನಾಯಕಿ: ಹೀಗೆ ಶಾಸನಸಭೆಯ ಪ್ರಾಂಗಣವನ್ನು ಅದರ ಎಲ್ಲ ದಿಕ್ಕುಗಳಿಂದಲೂ ಕಂಡವರು ಈ ರಾಜ್ಯದಲ್ಲಿ ವಿರಳ. 1989ರಲ್ಲಿ ಕಾಂಗ್ರೆಸ್ಸು 224ರಲ್ಲಿ 178 ಸ್ಥಾನಗಳನ್ನು ಪಡೆದು ಮರಳಿ ಅಧಿಕಾರಕ್ಕೆ ಬಂದಾಗ ಅವರು ಏಳನೆಯ ಬಾರಿಗೆ ಚುನಾಯಿತರಾದರು. ಆ ಸಭೆಯ ಅವಧಿ ಮುಗಿಯುವ ಮೊದಲೇ, 1993ರಲ್ಲಿ, ಅವರು ನಿಧನರಾದರು.

ಕಾಡು, ನೀರು, ಜಮೀನು

ಅವರ ಸೇವಾವಧಿಯಲ್ಲಿ ಕ್ಷೇತ್ರದ ಸಮಸ್ಯೆಗಳ ಸ್ವರೂಪವೇ ಬದಲಾಯಿತು. ಮೈಸೂರು ಅರಸರ ಕಾಲದಲ್ಲಿ, 1931ರಲ್ಲಿ, ವೇಣುಗೋಪಾಲ ವನ್ಯಮೃಗಧಾಮವೆಂದು ಆರಂಭವಾಗಿ ತರುವಾಯ ವಿಸ್ತೃತವಾದ ಬಂಡೀಪುರವು, 1973ರಲ್ಲಿ ಹುಲಿ ಯೋಜನೆಗೆ ದೇಶದಲ್ಲಿ ಮೊದಲು ಆರಿಸಲಾದ ಒಂಬತ್ತು ಅರಣ್ಯಗಳಲ್ಲಿ ಒಂದಾಯಿತು. ಅಲ್ಲಿಂದಾಚೆಗೆ ಕಾಡಂಚಿನ ಹಳ್ಳಿಗಳಿಗೆ ಸೌದೆ, ಮೇವು, ದನಗಳ ಹುಲ್ಲುಗಾವಲುಗಳ ದಾರಿ ಕ್ರಮೇಣ ಕಿರಿದಾಗಿ, ಆನೆ ತುಳಿದ ಬೆಳೆಗೆ ಪರಿಹಾರ, ಕಾಡಂಚಿನಲ್ಲಿ ಆನೆಕಂದಕ, ಸೋಲಿಗ ಮತ್ತು ಕಾಡುಕುರುಬ ಕುಟುಂಬಗಳ ಹಕ್ಕು ಇವು ಶಾಸಕರ ಮನೆಯ ಮುಂದಿನ ನಿತ್ಯದ ಅರ್ಜಿಗಳಾದವು. ಹುಲಿಗೆ ಉಳಿವು ಬೇಕು, ಒಕ್ಕಲಿಗೂ ಉಳಿವು ಬೇಕು. ಈ ಎರಡು ನ್ಯಾಯಗಳನ್ನು ಒಂದೇ ಬಾಯಿಂದ ಹೇಳಬೇಕಾದ ಕಷ್ಟವು ಗುಂಡ್ಲುಪೇಟೆಯ ಪ್ರತಿನಿಧಿಗೆ ಅಂದಿನಿಂದ ಇಂದಿನವರೆಗೂ ತಪ್ಪಿಲ್ಲ. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನಸಂಚಾರವನ್ನು ನಿಷೇಧಿಸಿದ ಮೇಲೆ ಎದ್ದ ಅಂತರರಾಜ್ಯ ವಿವಾದವು ಇದರದೇ ಹೊಸ ಅಧ್ಯಾಯ.

ಉತ್ತರಾಧಿಕಾರಿಗಳು ಮತ್ತು ನೆರೆಯ ಕ್ಷೇತ್ರಗಳು

ನಾಗರತ್ನಮ್ಮನವರ ಎದುರು ಸ್ಪರ್ಧಿಸಿ ಸೋಲುಂಡಿದ್ದ ಹಾಲಹಳ್ಳಿಯ ಎಚ್. ಎಸ್. ಮಹದೇವಪ್ರಸಾದರು 1994ರಲ್ಲಿ ಜನತಾ ದಳದಿಂದ ಗೆದ್ದು, ತದನಂತರ 1999, 2004, 2008 ಮತ್ತು 2013ರ ಚುನಾವಣೆಗಳಲ್ಲಿಯೂ ನಿರಂತರವಾಗಿ ಆರಿಸಿಬಂದರು. ಅವರು ಸಿದ್ದರಾಮಯ್ಯನವರ ಸಂಪುಟದಲ್ಲಿ ಸಹಕಾರ ಮತ್ತು ಸಕ್ಕರೆ ಸಚಿವರಾಗಿದ್ದು, 2017ರ ಜನವರಿ 3ರಂದು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಹೃದಯಾಘಾತದಿಂದ ಅಕಾಲ ಮರಣಕ್ಕೀಡಾದರು. 1957ರಿಂದ 2017ರವರೆಗಿನ ಅರುವತ್ತು ವರ್ಷಗಳಲ್ಲಿ ಐವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಗುಂಡ್ಲುಪೇಟೆಯನ್ನು ಪ್ರತಿನಿಧಿಸಿದವರು ಈ ಇಬ್ಬರೇ ಎಂಬುದು ಅಲ್ಲಿನ ಮತದಾರರ ಸ್ವಭಾವವನ್ನು ಸ್ಪಷ್ಟಪಡಿಸುತ್ತದೆ. 2017ರ ಏಪ್ರಿಲ್ ತಿಂಗಳಿನ ಉಪಚುನಾವಣೆಯಲ್ಲಿ ಮಹದೇವಪ್ರಸಾದರ ಪತ್ನಿ ಗೀತಾ ಅವರು ಜಯಗಳಿಸಿ, ನಾಗರತ್ನಮ್ಮನವರ ಬಳಿಕ ಈ ಕ್ಷೇತ್ರದ ಪ್ರತಿನಿಧಿಯಾದ ಮಹಿಳೆಯೆನಿಸಿ, ಅದೇ ವರ್ಷ ಸಚಿವೆಯೂ ಆದರು. 2018ರಲ್ಲಿ ಭಾರತೀಯ ಜನತಾ ಪಕ್ಷದ ಸಿ. ಎಸ್. ನಿರಂಜನಕುಮಾರರೂ, 2023ರಲ್ಲಿ ಮಹದೇವಪ್ರಸಾದರ ಪುತ್ರ ಎಚ್. ಎಂ. ಗಣೇಶಪ್ರಸಾದರೂ ಚುನಾಯಿತರಾದರು.

ದೀರ್ಘಸೇವೆಯ ಇಂತಹ ನಿದರ್ಶನಗಳು ನೆರೆಯಲ್ಲಿಯೂ ಉಂಟು. ಚಾಮರಾಜನಗರದ ಸಮೀಪದ ಆಲೂರಿನ ಬಿ. ರಾಚಯ್ಯನವರು ಶಾಸಕರಾಗಿ, ಮಂತ್ರಿಗಳಾಗಿ ಬಹುಕಾಲ ಸೇವೆ ಸಲ್ಲಿಸಿ, ಮುಂದೆ ಹಿಮಾಚಲ ಪ್ರದೇಶ ಮತ್ತು ಕೇರಳಗಳ ರಾಜ್ಯಪಾಲರಾದರು. ಕನ್ನಡ ಚಳವಳಿಯ ವಾಟಾಳ್ ನಾಗರಾಜರು ಚಾಮರಾಜನಗರದಿಂದ 1989, 1994 ಮತ್ತು 2004ರಲ್ಲಿ ಆರಿಸಿಬಂದರು, ಸಿ. ಪುಟ್ಟರಂಗಶೆಟ್ಟರು 2008ರಿಂದ 2023ರವರೆಗಿನ ನಾಲ್ಕು ಚುನಾವಣೆಗಳಲ್ಲಿ ಸತತವಾಗಿ ಗೆದ್ದರು. ಪ್ರತಿನಿಧಿಗೂ ಮತದಾರನಿಗೂ ಇರುವ ಸಂಬಂಧದ ಸೂಕ್ಷ್ಮತೆಯನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟುದೂ ಈ ಜಿಲ್ಲೆಯೇ: 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣರು 40,752 ಮತಗಳನ್ನೂ ಅವರ ಪ್ರತಿಸ್ಪರ್ಧಿ ಎ. ಆರ್. ಕೃಷ್ಣಮೂರ್ತಿಯವರು 40,751 ಮತಗಳನ್ನೂ ಪಡೆದು, ಫಲಿತಾಂಶವು ಒಂದೇ ಒಂದು ಮತದಿಂದ ನಿರ್ಣಯವಾಯಿತು.

ಮೌಲ್ಯ ವಿವೇಚನೆ

ಶಾಸಕರ ದೀರ್ಘಾವಧಿಯು ತನ್ನಷ್ಟಕ್ಕೆ ಗುಣವಲ್ಲ. ಅಧಿಕಾರವು ಒಂದೆಡೆ ಬಹುಕಾಲ ನಿಂತರೆ ಹೊಸಬರ ದಾರಿ ಮುಚ್ಚುವುದೂ, ಕ್ಷೇತ್ರವು ಒಂದು ಮನೆತನದ ಆಸ್ತಿಯಂತಾಗುವುದೂ ಉಂಟು. ನಾಗರತ್ನಮ್ಮನವರ ವಿಷಯದಲ್ಲಿ ಆ ಅವಧಿಯನ್ನು ಸಾರ್ಥಕಗೊಳಿಸಿದ ಸಂಗತಿಗಳು ಎರಡು. ಒಂದು, ಅವರು ಎಲ್ಲಿಯೇ ಕುಳಿತರೂ ಎದ್ದು ಹೋಗುತ್ತಿದ್ದುದು ಅದೇ ತಾಲ್ಲೂಕಿನ ಮತದಾರರ ಬಳಿಗೆ. ಸೋಲಿನ ಬಳಿಕ ಸುರಕ್ಷಿತವಾದ ಬೇರೊಂದು ಕ್ಷೇತ್ರವನ್ನು ಅರಸದೆ, ತಮ್ಮನ್ನು ಕೈಬಿಟ್ಟವರಿಂದಲೇ ಮತ್ತೆ ವಿಶ್ವಾಸವನ್ನು ಪಡೆದರು. ಎರಡು, ತಮಗಿಂತ ಮೊದಲು ರಾಜ್ಯದ ಯಾವ ಮಹಿಳೆಯೂ ಕುಳಿತಿರದ ಎರಡು ಸ್ಥಾನಗಳಲ್ಲಿ ಕುಳಿತು, ಆ ಸ್ಥಾನಗಳ ಕೆಲಸಕ್ಕೆ ಸ್ತ್ರೀಪುರುಷ ಭೇದವಿಲ್ಲವೆಂಬುದನ್ನು ವಾದದಿಂದಲ್ಲದೆ ವರ್ಷಗಟ್ಟಲೆಯ ನಿರ್ವಹಣೆಯಿಂದ ಸ್ಥಾಪಿಸಿದರು.

ಅವರು ಪೀಠದಿಂದಿಳಿದ ಮೇಲೆ ಕರ್ನಾಟಕ ವಿಧಾನಸಭೆಗೆ ಅನೇಕ ಅಧ್ಯಕ್ಷರು ಬಂದುಹೋಗಿದ್ದಾರೆ. ಅವರಲ್ಲಿ ಒಬ್ಬರೂ ಮಹಿಳೆಯಿಲ್ಲ. 1957ರಲ್ಲಿ, ಶಿಕ್ಷಣವೂ ಸಂಚಾರಸೌಕರ್ಯವೂ ವಿರಳವಾಗಿದ್ದ ಕಾಡಂಚಿನ ತಾಲ್ಲೂಕೊಂದರ ಒಕ್ಕಲು ಮಕ್ಕಳು ಪಕ್ಷದ ಚಿಹ್ನೆಯ ಹಂಗಿಲ್ಲದೆ ಒಬ್ಬ ಮಹಿಳೆಯನ್ನು ಆರಿಸಿ ಕಳುಹಿಸಿದರು. ಶಿಕ್ಷಣ, ಸಂಪತ್ತುಗಳೆರಡರಲ್ಲಿಯೂ ಬಹಳ ಮುಂದುವರಿದಿರುವ ಇಂದಿನ ರಾಜ್ಯವು ಅರ್ಧ ಶತಮಾನವಾದರೂ ಆ ಪೀಠಕ್ಕೆ ಎರಡನೆಯ ಮಹಿಳೆಯನ್ನು ಆರಿಸಿಲ್ಲ. ಗುಂಡ್ಲುಪೇಟೆಯ ಮತದಾರರು ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ರಾಜ್ಯದ ಪಕ್ಷಗಳು ಅನುಸರಿಸಬೇಕಾದ ಹೊಣೆ ಇನ್ನೂ ಬಾಕಿಯಿದೆ.